ಅಪ್ಪ ರುಚಿ ನೋಡದ ವೈನ್

ತಮ್ಮ ನಾಲಿಗೆ ಒಪ್ಪದ ವೈನನ್ನು ಸೀಸೆಗೆ ತುಂಬಿಸುವುದಿಲ್ಲ ಎಂದು ವೈನ್ ತಯಾರಿಸುವ ಆ ಹಿರಿಯರು ಬಹಳ ವರ್ಷಗಳ ಹಿಂದೆ ತಮ್ಮ ತಂದೆಗೆ ಮಾತು ಕೊಟ್ಟಿದ್ದರಂತೆ. ಮಗನ ಕಿವಿನೋವಿಗೆಂದು ಕಿವಿ-ಮೂಗಿನ ಡಾಕ್ಟರ ಬಾಗಿಲಲ್ಲಿ ತೂಕಡಿಸುತ್ತ ಕೂತಿದ್ದ ನನಗೆ ಪಕ್ಕದ ಬೆಂಚಿನ ಅಪ್ಪ-ಮಗಳ ಮಾತಿನಿಂದ ಇದು ತಿಳಿಯಿತು. ಜ್ವರ ಬಂದುಹೋದ ಮೇಲೆ ಆ ಅಪ್ಪನಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ವೈನ್ ಮಾತ್ರ ಪೀಪಾಯಿಯಲ್ಲಿ ಕಾಯುತ್ತಿದೆ.

"ಮೂಗು ಸರಿಹೋಗುತ್ತೆ ಅಂದಿದಾರಲ್ಲ ಡಾಕ್ಟ್ರು, ಅಲ್ಲೀತನಕ ಕಾಯೋಣ," ಎಂದರು ಅಪ್ಪ.

"ನಿನ್ನ ಮೂಗು ನಿಧಾನಕ್ಕೆ ಬರಲಿ ಅಪ್ಪ. ವೈನ್ ಕಾಯಲ್ಲ, ಹದ ಮೀರುತ್ತೆ."

"ನೀನು ರುಚಿ ನೋಡಿದ್ಯಾ? ಒಗರು ಹೇಗಿದೆ?"

"ಸಣ್ಣ ಪೀಪಾಯೀದು ಇಳಿದಿದೆ. ಮೊದಲು ನಾಲಿಗೆ ಹಿಡಿಯೋದು, ಈಗ ಸಲೀಸು."

"ಹುಳಿ?"

"ಬಾಯಲ್ಲಿ ನೀರೂರುತ್ತೆ. ಹಲ್ಲು ಜುಮ್ಮನ್ನಲ್ಲ."

"ಹಾಗಾದ್ರೆ ದೊಡ್ಡ ಪೀಪಾಯೀದು ಇನ್ನೂ ಚೆನ್ನಾಗಿರಬೇಕು. ಅದರ ದ್ರಾಕ್ಷಿ ನಾನೇ ಆರಿಸಿದ್ದು."

"ಅದನ್ನ ಮುಟ್ಟಲೇಬೇಡ. ಇನ್ನೂ ಒಗರೋ ಒಗರು."

"ಅಪ್ಪನ ಮುಖ ನೋಡಿಯಾದ್ರೂ ಚೆನ್ನಾಗಿದೆ ಅನ್ನಬಾರದಾ?"

"ನಿನ್ನ ಮುಖ ನೋಡಿದ್ರೆ ಅದರ ಒಗರು ಹೋಗುತ್ತಾ?"

ಅಪ್ಪ ಬೆಂಚು ಅಲ್ಲಾಡುವಷ್ಟು ನಕ್ಕರು. ಆಮೇಲೆ ಫೋನ್ ತೆಗೆದು ಕೆಲಸದವರಿಗೆ ಹೇಳಿದರು.

"ಸಣ್ಣ ಪೀಪಾಯೀದನ್ನ ನಾಳೆ ಸೀಸೆಗೆ ತುಂಬಿಸಿ. ದೊಡ್ಡದು ಹಾಗೇ ಇರಲಿ. ಇಲ್ಲಪ್ಪ, ನಾನು ರುಚಿ ನೋಡಿಲ್ಲ. ಮಗಳು ನೋಡಿದಾಳೆ, ಸಾಕು."

ನರ್ಸ್ ಕರೆದರು. ಇಬ್ಬರೂ ಎದ್ದು ಒಳಗೆ ಹೋದರು. ತಮ್ಮ ತಂದೆಗೆ ಕೊಟ್ಟ ಮಾತನ್ನು ಆ ಅಪ್ಪ ಮುರಿದಿದ್ದರು.