ಮನೆ ಯಾರ ಹೆಸರಿಗೆ?

ಸೋಮವಾರಪೇಟೆಯಲ್ಲಿ ಪತ್ರಬರಹಗಾರರ ಅಂಗಡಿಯ ಮುಂದಿನ ಬೆಂಚಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೊಡ್ಲಿಪೇಟೆ ಕಡೆಯ ಅತ್ತೆ, ಸೊಸೆ. ಅತ್ತೆ ಕೂತಲ್ಲಿ ಕೂರದೆ ಮತ್ತೆ ಮತ್ತೆ ಎದ್ದು ಆಕಾಶ ನೋಡುತ್ತಿದ್ದರು.

"ಮೋಡ ಆಗ್ತಾ ಐತೆ ಸುಮಿತ್ರ. ಕಣದ ತುಂಬ ಕಾಫಿ ಹರಡಿ ಬಂದಿದೀವಿ."

"ಕೂತ್ಕೊಳಿ ಅತ್ತೆ. ಮೊದ್ಲು ಇದನ್ನ ಹೇಳಿ. ನಿಮ್ಮ ಮನೇನ ಮಗನಿಗೆ ದಾನಪತ್ರ ಮಾಡೋವಾಗ ಷರತ್ತು ಬರೆಸೋದಾ, ಬ್ಯಾಡ್ವಾ?"

"ಹೆತ್ತ ಮಗ ನಂಗೆ ಅನ್ನ ಹಾಕ್ಬೇಕು ಅಂತ ಬರೆಸೋದಾ? ನಾಚ್ಕೆ ಆಗಲ್ವಾ?"

"ವಕೀಲ್ರು ಹೇಳಿದ್ದು ಕೇಳಿದ್ರಲ್ಲ. ನೋಡ್ಕೋಬೇಕು ಅಂತ ಬರೆಸಿದ್ರೆ, ನಾಳೆ ನೋಡ್ದೆ ಹೋದ್ರೆ ಪತ್ರ ರದ್ದು ಮಾಡಿಸ್ಬೋದು. ಬರೆಸ್ದೆ ಇದ್ರೆ ಕಷ್ಟ."

"ನಿನ್ನ ಗಂಡನ ಮೇಲೆ ನಿಂಗೇ ನಂಬಿಕೆ ಇಲ್ವಾ?"

ಅತ್ತೆ ಮತ್ತೆ ಎದ್ದು ಆಕಾಶ ನೋಡಿದರು.

"ಯೋಗೇಶಂಗೆ ಫೋನ್ ಮಾಡು. ಟಾರ್ಪಾಲು ಎಳೀಲಿ."

ಸೊಸೆ ಫೋನ್ ಮಾಡಿದಳು. ಮಗನ ದನಿ ನನಗೂ ಕೇಳಿಸಿತು. "ಊಟಕ್ಕೆ ಕೂತಿದೀನಿ. ನೀವೇ ಬೇಗ ಬಂದು ಮುಚ್ಕೊಳಿ."

ಅತ್ತೆ ಈಗ ಕೂತರು.

"ಅಡ್ಗೆ ಮಾಡಿಟ್ಟು ಬಂದಿದ್ದು ಯಾರು?"

"ನಾನೇ."

"ನಾಳೆ ನಾನು ಹಾಸಿಗೆ ಹಿಡಿದ್ರೆ ನೋಡೋರ್ಯಾರು?"

"ನಾನೇ ಅಲ್ವಾ ಅತ್ತೆ."

"ಮತ್ತೆ ಮನೆ ಅವನ ಹೆಸರಿಗ್ಯಾಕೆ?"

ಅಷ್ಟರಲ್ಲಿ ಒಳಗಿಂದ ಕರೆದರು. ಅತ್ತೆ ಹೊರಟರು. ಸೊಸೆ ಮಾತ್ರ ಬೆಂಚು ಹಿಡಿದುಕೊಂಡು ಕೂತೇ ಇದ್ದಳು. ಅತ್ತೆ ಬಾಗಿಲಲ್ಲಿ ತಿರುಗಿದರು.

"ಏಳು, ಮಳೆ ಬರುತ್ತೆ. ನಿನ್ನ ಆಧಾರ್ ಕಾರ್ಡ್ ತಂದಿದೀಯಾ?"

"ಹೂಂ, ಬ್ಯಾಗಲ್ಲೈತೆ."

"ಸರಿ, ಬಾ. ಆ ಷರತ್ತೂ ಇರ್ಲಿ."