ಓಡೋ ಜಾಗಕ್ಕೆ ಗೋಡೆ

...ಅಯ್ಯೋ, ನಗ್ತೀಯಲ್ಲಪ್ಪ ಮೇಸ್ತ್ರಿ! ನಿಜವಾಗ್ಲೂ, ಕಾರಿಡಾರ್ ಅಂದ್ರೆ ಓಡೋ ಜಾಗ! ನೀನು ಇಟ್ಟಿಗೆ ಇಡ್ತಾ ಇರು, ನಾನು ಹೇಳ್ತಾ ಇರ್ತೀನಿ. ಇಟಲಿಯವರ ಮಾತು ಅದು. ಕೋಟೆಯಲ್ಲಿ ಸಿಪಾಯಿಗಳು ಶತ್ರು ಕಣ್ಣಿಗೆ ಬೀಳದೆ ಓಡೋಕೆ ಅಂತ ಮಾಡಿದ ದಾರಿ. ಆಮೇಲೆ ಅರಮನೆಗೆ ಬಂತು, ಆಸ್ಪತ್ರೆಗೆ ಬಂತು, ಈಗ ವಿಮಾನ ಹಾರೋ ದಾರಿಗೂ ಕಾರಿಡಾರೇ! ಇಂಗ್ಲಿಷ್ ಟೀಚರ್ ಆಗಿ ವರ್ಷಗಟ್ಟಲೆ 'ಕಾರಿಡಾರಲ್ಲಿ ಓಡಬೇಡ್ರೋ' ಅಂತ ಗಂಟಲು ಹರ್ಕೊಂಡೆನಲ್ಲ... ಅರ್ಥ ಗೊತ್ತಾದ ದಿನ ನಕ್ಕೂ ನಕ್ಕೂ ಸಾಕಾಯ್ತು.

ತಂಗೀನೂ ನಕ್ಲು. ಅಪ್ಪ ಮನೆ ಭಾಗ ಮಾಡಿ ಆ ಕಡೆ ಅವಳಿಗೆ, ಈ ಕಡೆ ನನಗೆ ಅಂತ ಕೊಟ್ರು. ನಡುವೆ ಈ ಕಾರಿಡಾರ್. ಹಲ್ಲಿ ಕಂಡ್ರೆ ಓಡಿ ಬರೋಳು, ಹಾಲು ಉಕ್ಕಿದ್ರೆ ಓಡಿ ಬರೋಳು. ಅರವತ್ತು ದಾಟಿದ್ರೂ ನಡೆಯೋದು ಅಂದ್ರೇನು ಅಂತ ಗೊತ್ತಿಲ್ಲ ಅವಳಿಗೆ!

ನಿಧಾನಪ್ಪ, ನಿಧಾನ. ಗೋಡೆಗೇನು ಅವಸರ?

ಈಗ ನೋಡು, ಗೋಡೆ ಬೇಕಂತೆ ಮಹಾರಾಣಿಗೆ! ಮೊನ್ನೆ ನೆಂಟರ ಮುಂದೆ, 'ನಮ್ಮಕ್ಕ ಬಾಯಿ ತೆರೆದ್ರೆ ಪಾಠ, ಮುಚ್ಚಿದ್ರೆ ಪರೀಕ್ಷೆ' ಅಂದ್ಲು. ಎಲ್ರೂ ಬಿದ್ದು ಬಿದ್ದು ನಕ್ರು. ನಾನೂ ಏನೋ ಅಂದೆ... ಅಂದೆ ಬಿಡು. ಅವತ್ತಿಂದ ಈ ಕಡೆ ತಲೆ ಹಾಕಿಲ್ಲ. ಗೋಡೆ ಕಟ್ಸು ಅಂದ್ಲು, ಕಟ್ಸ್ತಿದೀನಿ. ನನಗೇನಂತೆ!

ಯಾಕೆ, ನೀನೂ ನಗು ತಡ್ಕೋತಿದೀಯಾ? ಪಾಠ ಹೇಳ್ತಿಲ್ಲಪ್ಪ ನಾನು, ಮಾತಾಡ್ತಿದೀನಿ!

ಶ್... ಕೇಳಿಸ್ತಾ? ಆ ಕಡೆ ಹೆಜ್ಜೆ ಸದ್ದು... ಅಲ್ವಾ? ನಲ್ಲಿ ತೊಟ್ಟಿಕ್ತಿರೋದಾ? ಹೂಂ.

ಕೈ ಯಾಕೆ ನಿಲ್ಲಿಸಿದೆ? ಏನು ಹಾಗೆ ನೋಡ್ತೀಯಾ?

...ಸರಿ. ಗೋಡೆ ಬೇಕು ಅಂದಿದ್ದು ಅವಳಲ್ಲ, ನಾನೇ. ಅವಳಿಗೆ ಗೋಡೆ ವಿಷಯಾನೇ ಗೊತ್ತಿಲ್ಲ. ಕರಣೆ ಸದ್ದು ಕೇಳಿದ ತಕ್ಷಣ 'ಅಕ್ಕಾ, ಏನೇ ಇದು' ಅಂತ ಕಿರುಚ್ಕೊಂಡು ಓಡಿ ಬರ್ತಾಳೆ ಅಂದ್ಕೊಂಡೆ. ಗೋಡೆ ಸೊಂಟದವರೆಗೆ ಬಂತು. ಅವಳು ಬರ್ಲಿಲ್ಲ.

ಬೈಯೋದಾದ್ರೆ ಬೈದುಬಿಡಪ್ಪ!

ಅವತ್ತು ನೆಂಟರ ಮುಂದೆ ನಾನು ಅಂದಿದ್ದೇನು ಗೊತ್ತಾ... 'ಇನ್ಮೇಲೆ ಈ ಕಡೆ ಓಡಿ ಬರಬೇಡ' ಅಂತ. ಹುಟ್ಟಿದಾಗಿಂದ ನನ್ನ ಒಂದು ಮಾತೂ ಕೇಳದವಳು, ಇದೊಂದನ್ನ ಕೇಳಿಬಿಟ್ಲು ನೋಡು.

ಗಾರೆ ಇನ್ನೂ ಹಸಿ ಇದೆ, ಅಲ್ವಾ? ಮೇಲಿನ ಸಾಲು ತೆಗಿ. ಇನ್ನೊಂದು... ಇನ್ನೊಂದೂ ತೆಗಿ. ಸಾಕು, ಕೈ ಕೊಡು, ದಾಟ್ತೀನಿ. ಈ ಮೊಣಕಾಲಿಟ್ಕೊಂಡು ಓಡೋಕಂತೂ ಆಗಲ್ಲ. ನಡ್ಕೊಂಡೇ ಹೋಗ್ತೀನಿ.