ಮುಚ್ಚಳ ಅದಲುಬದಲಾದ ಹುಳದ ಡಬ್ಬಿ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 34, ಆಸ್ಪತ್ರೆ ಹಿಂಭಾಗದ ಪ್ರಯೋಗಾಲಯದಲ್ಲಿ ಸಹಾಯಕಿ, ವಾಸ ಮೀನುಗಾಳದ ಅಂಗಡಿಯ ಮಹಡಿ ಮನೆ. ಅಂಗಡಿ ನನ್ನ ಅಪ್ಪನದು. ಈ ಮೂಲಕ ತಿಳಿಸುವುದೇನೆಂದರೆ:

ಅಪ್ಪ, ವಯಸ್ಸು 67, ಜೇನುಮೇಣ ತಿನ್ನುವ ಬಿಳಿ ಹುಳ ಸಾಕಿ ಮಾರುತ್ತಿದ್ದರು. ಮೀನು ಹಿಡಿಯುವವರು ಅದನ್ನು ಗಾಳಕ್ಕೆ ಸಿಕ್ಕಿಸುತ್ತಾರೆ. ನಾವು ಪ್ರಯೋಗಾಲಯದಲ್ಲಿ ಇಲಿಯ ಬದಲು ಅದಕ್ಕೇ ರೋಗಿಗಳ ಗಾಯದ ಬ್ಯಾಕ್ಟೀರಿಯಾ ಚುಚ್ಚಿ, ಯಾವ ಔಷಧಿ ಉಳಿಸುತ್ತದೆಂದು ನೋಡುತ್ತೇವೆ. ಲ್ಯಾಬಿನಲ್ಲಿ ಅಪ್ಪನಿಗೆ ಹುಳದಪ್ಪ ಎಂದೇ ಹೆಸರು. ಐವತ್ತು ಕೇಳಿದರೆ ಐವತ್ತೈದು ಹಾಕುವ ಕೈ ಅವರದು. ಬಳಸದೆ ಉಳಿದ ಹುಳಗಳನ್ನು ಆರು ವರ್ಷದಿಂದ ಅವರೇ ವಾಪಸ್ ಒಯ್ಯುತ್ತಿದ್ದರು. ಇದು ಎಲ್ಲೂ ಬರೆದಿಲ್ಲ. ಮೇಲಧಿಕಾರಿಗೆ ಗೊತ್ತಿದೆ.

ದಿನಾಂಕ 9, ಗುರುವಾರ, 1:40ಕ್ಕೆ ನಾನು ಮೂವತ್ತು ಹುಳಗಳಿಗೆ ಚುಚ್ಚಿ ಮುಗಿಸಿದೆ. ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ಉಳಿದ ಹುಳಗಳ ಡಬ್ಬಿ. ಎರಡೂ ಅಪ್ಪನ ಅಂಗಡಿಯ ಡಬ್ಬಿಗಳೇ. ಚುಚ್ಚಿದ್ದರ ಮುಚ್ಚಳಕ್ಕೆ ಕೆಂಪು ಗೀಟು. ಎಣಿಸಲೆಂದು ಎರಡೂ ಮುಚ್ಚಳ ತೆಗೆದಿದ್ದೆ. ಅಷ್ಟರಲ್ಲಿ ಅಪ್ಪ ಬಂದು, ಇನ್ನೂ ಊಟ ಆಗಿಲ್ಲವಾ, ನಮ್ಮ ಹುಳಗಳಿಗಿರುವಷ್ಟು ಹಸಿವೂ ನಿನಗಿಲ್ಲವಲ್ಲ ತಾಯಿ ಎಂದು ರೇಗಿಸಿದರು. ಅವರ ಕಡೆ ನೋಡುತ್ತಲೇ ಮುಚ್ಚಳ ಹಾಕಿದೆ. ಗೀಟಿಲ್ಲದ ಡಬ್ಬಿಯನ್ನು ಕೈಯಾರೆ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ 8:15ಕ್ಕೆ ಅಪ್ಪ ಕೆರೆ ದಂಡೆಯಿಂದ ಫೋನ್ ಮಾಡಿ, ಹುಳವೆಲ್ಲ ಕರ್ರಗಾಗಿವೆ, ನಿಮ್ಮ ಲ್ಯಾಬಿನ ಗಾಳಿ ಬಡಿಯಿತೇನೋ, ಮೀನು ಮೂಸಿಯೂ ನೋಡುತ್ತಿಲ್ಲ ಎಂದು ನಕ್ಕರು. ಗಾಳ ಹೆಬ್ಬೆರಳಿಗೆ ಚುಚ್ಚಿದ್ದನ್ನು ಕೊನೆಗೆ ಹೇಳಿದರು. ಕರ್ರಗಾಗುವುದು ಚುಚ್ಚಿದ ಹುಳ; ಮುಚ್ಚಳ ಅದಲುಬದಲಾಗಿದೆ ಎಂದು ಆಗ ತಿಳಿಯಿತು.

8:50ಕ್ಕೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆ. ಯಾವ ಬ್ಯಾಕ್ಟೀರಿಯಾ ಎಂದು ಡಾಕ್ಟರಿಗೆ ಹೇಳಿದೆ. ಡಬ್ಬಿ ಹೊರಗೆ ಹೇಗೆ ಹೋಯಿತೆಂದು ಹೇಳಲಿಲ್ಲ. ಯಾವ ಔಷಧಿ ನಾಟುತ್ತದೆ ಎಂದು ಅವರು ಕೇಳಿದರು. ಎರಡು ನಾಟುವುದಿಲ್ಲ ಎಂದೆ. ಮೂರನೆಯದನ್ನು ನೋಡಲೆಂದೇ ಆ ಮೂವತ್ತು ಹುಳಗಳನ್ನು ಇಟ್ಟಿದ್ದೆ.

ಶನಿವಾರ ಮೇಲಧಿಕಾರಿ, ಹುಳದಪ್ಪ ಡಬ್ಬಿ ಕದ್ದಿದ್ದಾರೆಂದು ದೂರು ಕೊಟ್ಟರು. 4:30ಕ್ಕೆ ಕಾನ್ಸ್‌ಟೇಬಲ್ ವಾರ್ಡಿಗೆ ಬಂದರು. ಅಪ್ಪನ ಕೈಯ ಊತ ಮೊಣಕೈವರೆಗೆ ಏರಿತ್ತು, ಎಚ್ಚರವಿತ್ತು. ಅಪ್ಪ ಒಮ್ಮೆ ನನ್ನ ಮುಖ ನೋಡಿ, ಹೌದು ಸಾರ್, ಯಾರೂ ಇಲ್ಲದಾಗ ಎತ್ತಿಕೊಂಡೆ, ಮಗಳಿಗೇನೂ ಗೊತ್ತಿಲ್ಲ ಎಂದರು. ನಾನು ಮಂಚದಿಂದ ಎರಡು ಅಡಿ ದೂರದಲ್ಲಿದ್ದೆ. ಕೆಲಸ ಹೋಗುತ್ತದೆಂದು ಹೆದರಿ ತುಟಿ ಪಿಟಕ್ಕೆನ್ನಲಿಲ್ಲ.

ಹುಳ ಸತ್ತಿದೆ ಎಂದು ಬರೆಯುವ ಮೊದಲು ಮೂರು ಸಲ ಮುಟ್ಟಿ ನೋಡಬೇಕು. ಮೂರು ಸಲವೂ ಅಲುಗದಿದ್ದರೆ ಬರೆಯಬೇಕು. ಇದು ಲ್ಯಾಬಿನ ನಿಯಮ. ಸೋಮವಾರ ಬೆಳಿಗ್ಗೆ 6:20ಕ್ಕೆ ಅಪ್ಪನ ಕಾಲ ಬೆರಳು ಮುಟ್ಟಿದೆ. ಅಲುಗಲಿಲ್ಲ. ಮತ್ತೆ ಮುಟ್ಟಿದೆ. ಮೂರನೆಯ ಸಲ ಮುಟ್ಟಲಿಲ್ಲ. 6:45ಕ್ಕೆ ನರ್ಸ್ ಬಂದು ಬರೆದುಕೊಂಡರು.

ಅಪ್ಪ ಶನಿವಾರ ಕೊಟ್ಟ ಹೇಳಿಕೆ ಸುಳ್ಳು. ಅವರು ಕದ್ದಿಲ್ಲ. ಡಬ್ಬಿ ಕೊಟ್ಟವಳು ನಾನು. ಕಳ್ಳ ಎಂಬ ಮಾತನ್ನು ಅವರ ಹೆಸರಿನ ಮುಂದಿನಿಂದ ತೆಗೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದುಕೊಂಡ ಪೊಲೀಸರು ಇದನ್ನು ನನಗೆ ಓದಿ ಹೇಳಿದರು. ಕೀಟ ಎಂದು ಬರೆದ ಕಡೆಯೆಲ್ಲ ಹುಳ ಎಂದು ತಿದ್ದಿಸಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಠಾಣೆ
ದಿನಾಂಕ: 14, ಮಂಗಳವಾರ, ಬೆಳಿಗ್ಗೆ 11:05
ಸಹಿ: ಹುಳದಪ್ಪನ ಮಗಳು